ಎದ್ದು ನಿಲ್ಲುವ ವಿದ್ಯೆ

ಮಗಳು ವೈದ್ಯಕೀಯ ಕಾಲೇಜು ಸೇರಿದಂದಿನಿಂದ ನನ್ನ ಎಡತೋಳು ನನ್ನ ಸ್ವತ್ತಾಗಿ ಉಳಿದಿಲ್ಲ. ಸಂಜೆ ಪಾಠ ಮುಗಿಸಿ ಬಂದು, ಕಾಫಿ ಕುಡಿದು, ಪತ್ರಿಕೆ ಬಿಡಿಸಿದೆನೋ ಇಲ್ಲವೋ, “ಅಪ್ಪಾ, ತೋಳು ಕೊಡಿ” ಎಂದು ಎದುರಿಗೆ ಕುಳಿತುಬಿಡುತ್ತಾಳೆ. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮೊಣಕೈಯ ಮಡಿಕೆಯಲ್ಲಿ ಸ್ಟೆತಾಸ್ಕೋಪು ಇಟ್ಟು, ಯಾರೋ ದೂರದಿಂದ ಕೂಗುತ್ತಿದ್ದಾರೇನೋ ಎಂಬಂತೆ ತಲೆಯನ್ನು ಓರೆ ಮಾಡಿ ಕೇಳುತ್ತಾಳೆ. ನನ್ನದು ಮುಗಿದರೆ ಅವಳ ತಾಯಿಯದು. ಅದೂ ಮುಗಿದರೆ ಪಕ್ಕದ ಮನೆಯವರದು. ಈಗೀಗ ಅವಳನ್ನು ಕಂಡರೆ ಪಕ್ಕದ ಮನೆಯವರು ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತಾರೆಂದು ನನಗೆ ಗುಮಾನಿ.

“ಅದರಲ್ಲಿ ಏನು ಕೇಳಿಸುತ್ತದೆ?” ಎಂದು ಒಮ್ಮೆ ವಿಚಾರಿಸಿದೆ. ಪಟ್ಟಿ ಬಿಗಿದಾಗ ರಕ್ತದ ಹರಿವು ನಿಂತು ಎಲ್ಲ ನಿಶ್ಶಬ್ದ. ಗಾಳಿಯನ್ನು ಮೆಲ್ಲಗೆ ಬಿಡುತ್ತ ಬಂದಂತೆ ಒಂದು ಕಡೆ ಟಕ್ ಟಕ್ ಸದ್ದು ಹುಟ್ಟುತ್ತದೆ. ಅದು ಮೇಲಿನ ಅಂಕಿ. ಸದ್ದು ಅಡಗಿದ ಕಡೆ ಕೆಳಗಿನ ಅಂಕಿ. 1896ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಿಗೆ ಪಟ್ಟಿ ಕಟ್ಟುವುದನ್ನು ತೋರಿಸಿಕೊಟ್ಟರೆ, 1905ರಲ್ಲಿ ರಷ್ಯದ ಕೊರೊಟ್ಕಾಫ್ ಎಂಬ ಶಸ್ತ್ರವೈದ್ಯ ಅದರ ಕೆಳಗೆ ಕಿವಿಗೊಡುವುದನ್ನು ಕಲಿಸಿದನಂತೆ.

ಆದರೆ ರಾತ್ರಿ ಅವಳು ಓದಲು ಕುಳಿತಾಗ ಈ ಉತ್ಸಾಹ ಇರುತ್ತಿರಲಿಲ್ಲ. ಶರೀರಕ್ರಿಯಾಶಾಸ್ತ್ರದ ಹೆಬ್ಬೊತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮಗ್ಗಿಯಂತೆ ಒಪ್ಪಿಸುತ್ತಿದ್ದಳು. ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ತಳ್ಳುತ್ತದೆ, ನಿಮಿಷಕ್ಕೆ ಸುಮಾರು 5 ಲೀಟರ್ – ಹೀಗೆ. “ಬರೀ ಗೆರೆ, ಬರೀ ಅಂಕಿ ಅಪ್ಪಾ. ಇದರಲ್ಲಿ ರೋಗಿ ಎಲ್ಲಿದ್ದಾನೆ?” ಎಂದು ಒಂದು ದಿನ ಪುಸ್ತಕ ಮುಚ್ಚಿದಳು. ನನಗೆ ಈ ಪ್ರಶ್ನೆ ಹೊಸದಲ್ಲ. ನಾನು ಕೇಶಿರಾಜನ ಸೂತ್ರಗಳನ್ನು ಹೇಳುವಾಗ ಹಿಂದಿನ ಬೆಂಚಿನಿಂದ ವರ್ಷಕ್ಕೊಮ್ಮೆಯಾದರೂ, “ಸರ್, ಇದರಿಂದ ಏನು ಉಪಯೋಗ?” ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ನನ್ನಲ್ಲಿ ಒಂದು ಸಿದ್ಧ ಉತ್ತರವಿದೆ. ಅದನ್ನು ಈವರೆಗೆ ಯಾರೂ ನಂಬಿದಂತೆ ಕಂಡಿಲ್ಲ. ಮಗಳಿಗೂ ಅದನ್ನೇ ಹೇಳಿದೆ. ಅವಳೂ ನಂಬಲಿಲ್ಲ.

ನನ್ನ ತಾಯಿಗೆ ಈಗ ಎಪ್ಪತ್ತಾರು. ರಕ್ತದ ಒತ್ತಡಕ್ಕೆ ಬಹಳ ವರ್ಷಗಳಿಂದ ಮಾತ್ರೆ ನುಂಗುತ್ತಿದ್ದಾಳೆ. “ಏಳುವಾಗ ಕಣ್ಣು ಕತ್ತಲೆ ಕಟ್ಟುತ್ತೆ ಕಣೋ” ಎಂದು ಕೆಲವು ತಿಂಗಳಿನಿಂದ ಹೇಳುತ್ತಿದ್ದಳು. “ವಯಸ್ಸಾಯಿತಲ್ಲಮ್ಮ” ಎನ್ನುತ್ತಿದ್ದೆ ನಾನು. ಆ ಮಾತಿನಿಂದ ಎಲ್ಲವೂ ವಿವರಿಸಿದಂತಾಯಿತೆಂದು ನನ್ನ ಭಾವನೆ. ಬಡಾವಣೆಯ ವೈದ್ಯರ ಹತ್ತಿರ ಕರೆದುಕೊಂಡು ಹೋದಾಗ ಅವರು, “ಏನಾದರೂ ತೊಂದರೆ ಇದೆಯೇನಮ್ಮ?” ಎಂದು ಕೇಳಿದರೆ, ಅವಳು ಬಾಯಿ ತೆರೆಯುವುದಕ್ಕೆ ಮೊದಲೇ, “ಏನೂ ಇಲ್ಲ ಡಾಕ್ಟರೇ” ಎಂದವನು ನಾನೇ. ಕುರ್ಚಿಯಲ್ಲಿ ಕುಳಿತಿದ್ದವಳ ಒತ್ತಡ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತಿತ್ತು. ಅದೇ ಚೀಟಿ, ಅದೇ ಮಾತ್ರೆ, ಮನೆ.

ಧನುರ್ಮಾಸದ ಒಂದು ಬೆಳಗಿನ ಜಾವ ಅವಳು ಹಾಸಿಗೆಯಿಂದ ಎದ್ದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಬಚ್ಚಲಮನೆಯ ಬಾಗಿಲ ಬಳಿ ಬಿದ್ದಳು. ಹಣೆ ತರಚಿತು, ಮಣಿಕಟ್ಟು ಊದಿತು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ.

ಅಂದು ಸಂಜೆ ಮಗಳು ನನ್ನ ತೋಳನ್ನು ಕೇಳಲಿಲ್ಲ. ಅಜ್ಜಿಯನ್ನು ಐದು ನಿಮಿಷ ಮಲಗಿಸಿ ಅಳೆದಳು: ಮೇಲಿನ ಅಂಕಿ 148. ಬಳಿಕ ನಿಲ್ಲಿಸಿ, ನನ್ನನ್ನು ಪಕ್ಕದಲ್ಲಿ ಹಿಡಿದುಕೊಳ್ಳಲು ಹೇಳಿ, ಒಂದು ನಿಮಿಷಕ್ಕೆ ಅಳೆದಳು, ಮೂರು ನಿಮಿಷಕ್ಕೆ ಅಳೆದಳು: 118. ಅವಳ ಮುಖ ಬಿಳಿಚಿಕೊಂಡಿತು. “ಇಪ್ಪತ್ತು ಇಳಿದರೇ ದೋಷ ಅಂತ ಪುಸ್ತಕದಲ್ಲಿದೆ ಅಪ್ಪಾ. ಮೂವತ್ತು ಇಳಿದಿದೆ” ಎಂದಳು.

ಆಮೇಲೆ ಅವಳು ಹೇಳಿದ್ದು ಅದೇ ಪುಸ್ತಕದ ಪಾಠವೇ. ಆದರೆ ಈ ಸಲ ಒಪ್ಪಿಸುವ ಧ್ವನಿಯಲ್ಲಿ ಅಲ್ಲ. ನಾವು ಎದ್ದು ನಿಂತೊಡನೆ ಅರ್ಧ ಲೀಟರಿಗೂ ಮಿಕ್ಕ ರಕ್ತ ಕಾಲಿಗೂ ಹೊಟ್ಟೆಗೂ ಇಳಿಯುತ್ತದೆ. ಕತ್ತಿನ ಎರಡು ಪಕ್ಕದಲ್ಲಿ ದೊಡ್ಡ ರಕ್ತನಾಳ ಕವಲೊಡೆಯುವ ಕಡೆ, ಮತ್ತು ಹೃದಯದ ಮೇಲಿನ ಮಹಾಧಮನಿಯ ಬಾಗಿನಲ್ಲಿ, ಒತ್ತಡವನ್ನು ಅರಿಯುವ ನರದ ತುದಿಗಳಿವೆ. ಅವು ಕೂಡಲೇ ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಹೃದಯ ಚುರುಕಾಗುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ನಮಗೆ ಏನೂ ತಿಳಿಯುವುದಿಲ್ಲ. ವಯಸ್ಸಾದಂತೆ ಈ ವ್ಯವಸ್ಥೆ ಮಂದವಾಗುತ್ತದೆ. ಅದರ ಜೊತೆಗೆ ಅಜ್ಜಿಯ ಎರಡು ಮಾತ್ರೆಗಳಲ್ಲಿ ಒಂದು ರಕ್ತನಾಳವನ್ನು ಸಡಿಲಿಸುವುದು, ಇನ್ನೊಂದು ಮೈಯ ನೀರನ್ನು ಇಳಿಸುವುದು. ಸಾಲದ್ದಕ್ಕೆ, ರಾತ್ರಿ ಏಳಬೇಕಾಗುತ್ತದೆಂದು ಅವಳು ಸಂಜೆಯ ಮೇಲೆ ನೀರನ್ನೇ ಕುಡಿಯುತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದೂ ಇದು ನನಗೆ ಗೊತ್ತಿರಲಿಲ್ಲ. ಮೊಮ್ಮಗಳು ಕೇಳಿದಾಗ ಹೇಳಿದಳು.

“ಹಾಗಾದರೆ ಮಾತ್ರೆ ನಿಲ್ಲಿಸಿಬಿಡೋಣ” ಎಂದೆ.

“ಬೇಡಿ ಅಪ್ಪಾ. ಮಲಗಿದಾಗ ಒತ್ತಡ ಹೆಚ್ಚೇ ಇದೆ. ಕಾರಣ ಊಹಿಸೋದು ಬೇರೆ, ಔಷಧಿ ಬದಲಾಯಿಸೋದು ಬೇರೆ. ನಾಳೆ ಡಾಕ್ಟರ ಹತ್ತಿರ ಹೋಗೋಣ” ಎಂದಳು. ನನ್ನ ಮಗಳ ಓದಿನ ಬಗ್ಗೆ ನನಗೆ ಭರವಸೆ ಹುಟ್ಟಿದ್ದು ಆ ಮಾತಿನಿಂದ.

ವೈದ್ಯರು ಅವಳು ಬರೆದುಕೊಂಡು ಹೋಗಿದ್ದ ಅಂಕಿಗಳನ್ನು ನೋಡಿದರು. ತಾವೂ ಮಲಗಿಸಿ, ನಿಲ್ಲಿಸಿ ಅಳೆದರು. “ಯಾವ ವರ್ಷ ಓದುತ್ತಿದ್ದೀಯಮ್ಮ?” ಎಂದರು. “ಮೊದಲನೆಯ ವರ್ಷ ಸರ್.” “ನಿಂತಾಗ ನಾಡಿ ಎಷ್ಟು ಏರಿತು?” ಮಗಳು ತಲೆ ತಗ್ಗಿಸಿದಳು, ಎಣಿಸಿರಲಿಲ್ಲ. “ಒತ್ತಡ ಇಳಿದರೂ ನಾಡಿ ಏರದಿದ್ದರೆ ದೋಷ ನರದ ಕಡೆ ಇರಬಹುದು, ಚೆನ್ನಾಗಿ ಏರಿದರೆ ನೀರು ಕಡಿಮೆಯಾಗಿರಬಹುದು. ಮುಂದೆ ಮರೆಯಬೇಡ” ಎಂದು ತಾವೇ ಎಣಿಸಿ ತೋರಿಸಿದರು. ನಾಡಿ ಏರಿತ್ತು. ನೀರಿನ ಮಾತ್ರೆಯನ್ನು ಬದಲಾಯಿಸಿ, ಎರಡು ವಾರದ ಮೇಲೆ ಮತ್ತೆ ಬರಹೇಳಿದರು. ಏಳುವ ಮುನ್ನ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು, ಪಾದಗಳನ್ನು ಆಡಿಸಿ, ಆಮೇಲೆ ನಿಲ್ಲಬೇಕೆಂದರು.

ಆ ರಾತ್ರಿ ಮಗಳು ಮತ್ತೆ ಹೆಬ್ಬೊತ್ತಿಗೆ ತೆರೆದಳು. ನಾಡಿಯ ಪುಟವನ್ನು ಹುಡುಕುತ್ತಿದ್ದಳು. ರೋಗಿ ಎಲ್ಲಿದ್ದಾನೆಂದು ಕೇಳಲಿಲ್ಲ.

ನನ್ನ ತರಗತಿಯಲ್ಲಿ ಈ ವರ್ಷವೂ ಹಿಂದಿನ ಬೆಂಚಿನ ಪ್ರಶ್ನೆ ಬಂತು. ಸಿದ್ಧ ಉತ್ತರವನ್ನು ಹೇಳಲು ನಾಲಗೆ ಏಳಲಿಲ್ಲ. ನಿಯಮ ಬಲ್ಲವನಿಗೆ ಎಲ್ಲಿ ತಪ್ಪಿತೆಂಬುದು ತಿಳಿಯುತ್ತದೆ, ನಿಜ. ಆದರೆ ಎದುರಿಗಿರುವವರು ಏನು ಹೇಳುತ್ತಿದ್ದಾರೆಂದು ಕೇಳಿಸಿಕೊಳ್ಳದಿದ್ದರೆ ನಿಯಮವೇನು ಮಾಡೀತು? ಮಾತನ್ನೇ ಕಲಿಸಿ ಸಂಬಳ ಪಡೆಯುವ ನಾನು, ಅಮ್ಮ ತಿಂಗಳುಗಟ್ಟಲೆ ಅಚ್ಚಗನ್ನಡದಲ್ಲಿ ಹೇಳಿದ ಒಂದು ವಾಕ್ಯವನ್ನು ಅರ್ಥಮಾಡಿಕೊಂಡಿರಲಿಲ್ಲ.

ಈಗ ಬೆಳಗಿನ ಜಾವ ಅವಳು ಮಂಚದ ಅಂಚಿನಲ್ಲಿ ಕುಳಿತು, ರಾಮನಾಮ ಎಣಿಸುತ್ತ ಪಾದ ಆಡಿಸುತ್ತಾಳೆ. ನಾನೂ ಎದ್ದು ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಮೊನ್ನೆ, “ಇನ್ನೇನಾದರೂ ತೊಂದರೆ ಇದೆಯೇನಮ್ಮ?” ಎಂದು ಕೇಳಿದೆ. ಅವಳು ಎಣಿಕೆ ನಿಲ್ಲಿಸಿ ನನ್ನ ಮುಖ ನೋಡಿದಳು.

“ಇದೆ. ನಿನಗೆ ಪುರಸೊತ್ತಿದ್ದರೆ ಹೇಳ್ತೀನಿ” ಎಂದಳು.