ಹೆಡೆಮಟ್ಟೆಯ ಬ್ಯಾಟು, ವಿಶಿಯ ಕಟ್

ಬೀರೂರು ಜಂಕ್ಷನ್ನಿನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ, ಇನ್ನೊಂದು ತರೀಕೆರೆ ದಾಟಿ ಭದ್ರಾವತಿಗೆ. ಆ ಭದ್ರಾವತಿಯಲ್ಲಿ 1949ರ ಫೆಬ್ರವರಿ 12ರಂದು ಹುಟ್ಟಿದವರು ಕ್ರಿಕೆಟಿಗ ಜಿ. ಆರ್. ವಿಶ್ವನಾಥ್, ನಮ್ಮ ಪಾಲಿನ ವಿಶಿ. ಆಟ ಕಲಿತದ್ದು ಬೆಂಗಳೂರಿನಲ್ಲಿ ಎಂದು ಯಾರಾದರೂ ತಿದ್ದಿದರೆ ಕಡೂರಿನ ಹುಡುಗರಾದ ನಾವು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ವಿಶಿ ನಮ್ಮ ಕಡೆಯವನು, ಅಷ್ಟೇ.

ನಮ್ಮ ಬ್ಯಾಟು ತೆಂಗಿನ ಹೆಡೆಮಟ್ಟೆ. ಬೇಸಿಗೆಯಲ್ಲಿ ನೀರಿಳಿದ ಕೆರೆಯಂಗಳವೇ ಮೈದಾನ. ಜೋರಾಗಿ ಬೀಸಿದರೆ ಮಟ್ಟೆ ನಾರುನಾರಾಗಿ ಸೀಳುತ್ತಿತ್ತು, ಆಟ ಅಲ್ಲಿಗೇ ಮುಗಿಯುತ್ತಿತ್ತು. ಆದ್ದರಿಂದ ಚೆಂಡು ಮಗ್ಗುಲಿಗೆ ಬರುವ ತನಕ ಕಾಯಬೇಕು, ಮಣಿಕಟ್ಟು ತಿರುಗಿಸಿ ಅದರ ವೇಗದಲ್ಲೇ ಅದನ್ನು ಕಳಿಸಬೇಕು. ವಿಶಿಯ ಸ್ಕ್ವೇರ್ ಕಟ್, ಲೇಟ್ ಕಟ್‌ಗಳನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಆದರೂ ಆ ಹೊಡೆತ ನಮ್ಮ ಕೈಗೆ ಗೊತ್ತಿತ್ತು.

ಕಾಮೆಂಟರಿ ಇಂಗ್ಲಿಷಿನಲ್ಲಿ. ಮೇಷ್ಟರೊಬ್ಬರು ಟ್ರಾನ್ಸಿಸ್ಟರನ್ನು ಕಿವಿಗೊತ್ತಿಕೊಂಡು ಕನ್ನಡ ಮಾಡಿ ಹೇಳುವರು. ಅವರ ಮುಖ ನೋಡಿಯೇ ಔಟೋ ಬೌಂಡರಿಯೋ ತಿಳಿಯುತ್ತಿತ್ತು. 1969ರಲ್ಲಿ ಕಾನ್ಪುರದಲ್ಲಿ ಆಡಿದ ತಮ್ಮ ಮೊದಲ ಟೆಸ್ಟಿನಲ್ಲಿ ವಿಶಿ ಸೊನ್ನೆಗೆ ಹೋಗಿ, ಎರಡನೇ ಇನಿಂಗ್ಸಿನಲ್ಲಿ 137 ಹೊಡೆದ ಕಥೆಯನ್ನು ಅವರು ನಮಗೆ ಪರೀಕ್ಷೆಗೆ ಮುಂಚೆ ತಪ್ಪದೆ ಹೇಳುತ್ತಿದ್ದರು.

1975ರ ಜನವರಿ 11, ಸಂಕ್ರಾಂತಿ ಹತ್ತಿರ. ಮದರಾಸಿನ ಚೆಪಾಕಿನಲ್ಲಿ ವೆಸ್ಟ್ ಇಂಡೀಸಿನ ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ. ಒಂದು ತುದಿಯಲ್ಲಿ ಒಬ್ಬೊಬ್ಬರೇ ಬರುತ್ತಾರೆ, ಹೋಗುತ್ತಾರೆ. ಇನ್ನೊಂದು ತುದಿಯಲ್ಲಿ ಈ ಕುಳ್ಳ ಮನುಷ್ಯ ಕಟ್ ಮಾಡುತ್ತಲೇ ಇದ್ದಾನೆ. ಕೊನೆಗೆ ಜೊತೆಗೆ ಉಳಿದದ್ದು ನಮ್ಮವರೇ ಆದ ಚಂದ್ರಶೇಖರ್. ಚಂದ್ರ ಔಟಾದಾಗ ತಂಡದ ಮೊತ್ತ 190, ವಿಶಿ ಔಟಾಗದೆ 97. ಮೇಷ್ಟರು ರೇಡಿಯೋ ಆರಿಸಿ ಸುಮ್ಮನೆ ಕೂತುಬಿಟ್ಟರು. ಆ ಪಂದ್ಯವನ್ನು ಭಾರತ 100 ರನ್ನುಗಳಿಂದ ಗೆದ್ದಿತು. ನಾವು ಎದೆಯಲ್ಲಿಟ್ಟುಕೊಂಡದ್ದು ನೂರು ಮುಟ್ಟದ ಆ ಒಂದು ಅಂಕಿಯನ್ನು.

ಇನ್ನೊಂದನ್ನೂ ಹೇಳಬೇಕು. 1980ರ ಬೊಂಬಾಯಿ ಜುಬಿಲಿ ಟೆಸ್ಟಿನಲ್ಲಿ ವಿಶಿ ನಾಯಕ. ಔಟೆಂದು ಅಂಪೈರ್ ಬೆರಳೆತ್ತಿದ್ದ ಇಂಗ್ಲೆಂಡಿನ ಬಾಬ್ ಟೇಲರ್‌ನನ್ನು, ಬ್ಯಾಟಿಗೆ ತಾಗಿಲ್ಲವೆಂದು ಮರಳಿ ಕರೆದರು. ಟೇಲರ್ ಬೋಥಮ್ ಜೊತೆ ನಿಂತು ಆಡಿದ, ಭಾರತ ಸೋತಿತು. ಆ ಸೋಲಿಗಾಗಿ ನಮ್ಮ ಕಟ್ಟೆಯ ಮೇಲೆ ಒಬ್ಬರೂ ವಿಶಿಯನ್ನು ದೂರಲಿಲ್ಲ.

ಆಮೇಲಿನ ಬರಗಾಲಗಳಲ್ಲಿ ಕಡೂರು ಸೀಮೆಯ ಎಷ್ಟೋ ತೆಂಗಿನ ತೋಟಗಳು ಸುಳಿ ಒಣಗಿ ನಿಂತವು. ಹೆಡೆಮಟ್ಟೆ ಈಗ ಬರೀ ಒಲೆಗೆ. ಮೊನ್ನೆ ತರೀಕೆರೆಯ ಬಯಲೊಂದರಲ್ಲಿ ಟೆನಿಸ್ ಚೆಂಡಿನ ಟೂರ್ನಮೆಂಟ್ ನೋಡುತ್ತ ನಿಂತೆ. ದಪ್ಪ ಬ್ಯಾಟುಗಳು, ಧ್ವನಿವರ್ಧಕ, ಸಿಕ್ಸರಿಗೊಂದು ಹಾಡು. ಹುಡುಗರ ತೋಳಿನಲ್ಲಿ ಬಲವಿದೆ, ಚೆನ್ನಾಗಿ ಆಡುತ್ತಾರೆ. ಆದರೆ ಸಂಜೆಯವರೆಗೆ ಕಾದರೂ ಒಬ್ಬನೂ ಲೇಟ್ ಕಟ್ ಮಾಡಲಿಲ್ಲ. ಎಂಟನೇ ತರಗತಿಯ ಹುಡುಗನೊಬ್ಬನನ್ನು ವಿಶ್ವನಾಥ್ ಗೊತ್ತೇ ಎಂದು ಕೇಳಿದೆ. ಯಾವ ಟೀಮು ಅಂದ. ಮನಸ್ಸು ತುಂಬ ನೊಂದಿತು.

ಬೀರೂರಿನಿಂದ ಶಿವಮೊಗ್ಗದ ರೈಲು ಹತ್ತಿದಾಗ ಪಕ್ಕದಲ್ಲಿ ಮಕ್ಕಳಿದ್ದರೆ, ಭದ್ರಾವತಿ ಬರುವುದರೊಳಗೆ ದಯವಿಟ್ಟು ಹೇಳಿ: 91 ಟೆಸ್ಟ್, 6080 ರನ್, 14 ಶತಕ. ವಿಶಿ ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋಲಲಿಲ್ಲ.