ಓಟವೂ ಅರ್ಜಿಯೂ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಬದಲಿಸಬೇಕಾದ ಪ್ರಾರಬ್ಧ ಈ ಸೀಮೆಯಲ್ಲಿ ಯಾರನ್ನೂ ಬಿಟ್ಟಿಲ್ಲ. ಹುಬ್ಬಳ್ಳಿಯ ಕಡೆಯಿಂದ ಬಂದವರು ಹಾಸನ ಮೈಸೂರುಗಳಿಗೆ, ಆ ಕಡೆಯವರು ಈ ಕಡೆಗೆ, ಗಂಟೆಗಟ್ಟಲೆ ಬೆಂಚಿನ ಮೇಲೆ ಕುಳಿತಿರುತ್ತಾರೆ. ಬೇಸಗೆಯ ಮೊದಲಲ್ಲಿ ಹಾಗೆ ಕುಳಿತವರು ಸುತ್ತ ಕಣ್ಣಾಡಿಸಿದರೆ, ಹದಿನಾರು ಹದಿನೇಳರ ಮಕ್ಕಳಲ್ಲಿ ಎರಡು ಪಂಗಡಗಳನ್ನು ಕಾಣಬಹುದು. ಒಂದು ಪಂಗಡದವರ ತೊಡೆಯ ಮೇಲೆ ಇಟ್ಟಿಗೆಯಷ್ಟು ದಪ್ಪದ ಸಿ.ಇ.ಟಿ. ಪುಸ್ತಕ, ತುಟಿ ಅಲುಗುತ್ತಿರುತ್ತದೆ, ಪಕ್ಕದಲ್ಲಿ ತಾಯಿ ನೀರಿನ ಬಾಟಲಿ ಹಿಡಿದು ಕಾದಿರುತ್ತಾಳೆ. ಇನ್ನೊಂದು ಪಂಗಡದವರ ಚೀಲಕ್ಕೆ ಮುಳ್ಳಿನ ಬೂಟುಗಳು ಲಾಡಿಯಿಂದ ನೇತುಬಿದ್ದಿರುತ್ತವೆ. ಅವರು ಕಡಲೆಕಾಯಿ ತಿನ್ನುತ್ತ ಒಬ್ಬರನ್ನೊಬ್ಬರು ತಳ್ಳಾಡುತ್ತಿರುತ್ತಾರೆ. ಇವರನ್ನು ಕಂಡು ಅವರಿಗೆ ಕನಿಕರ, ಅವರನ್ನು ಕಂಡು ಇವರಿಗೆ.

ನನ್ನ ತಂಗಿಯ ಮಗಳು ಈ ಎರಡು ಪಂಗಡಕ್ಕೂ ಸೇರಿದವಳಲ್ಲ. ಅಥವಾ ಎರಡಕ್ಕೂ ಸೇರಿದವಳು. ಅವಳ ಚೀಲದಲ್ಲಿ ಬೂಟೂ ರಸಾಯನಶಾಸ್ತ್ರವೂ ಒಟ್ಟಿಗೇ ಇರುತ್ತವೆ. ಪುಸ್ತಕಕ್ಕೆ ಬೆವರಿನ ವಾಸನೆ ಹತ್ತಿಬಿಟ್ಟಿದೆ ಎಂಬುದು ಅವಳ ತಾಯಿಯ ದೂರು. ಅವರ ಮನೆ ಜಾವಗಲ್ಲಿನಲ್ಲಿ, ಹುಡುಗಿಯ ಕಾಲೇಜು ಅರಸೀಕೆರೆಯಲ್ಲಿ, ನಾನು ಇರುವುದು ಬೇಲೂರಿನಲ್ಲಿ. ನಡುವೆ ಹಳೇಬೀಡು. ಈ ದಾರಿಯ ಬಸ್ಸಿನಲ್ಲಿ ಎರಡು ವರ್ಷದಿಂದ ನಾನು ಓಡಾಡುತ್ತಿರುವುದು ದೇವಸ್ಥಾನ ನೋಡುವುದಕ್ಕಲ್ಲ, ಈ ಹುಡುಗಿಯ ಅರ್ಜಿಗಳ ಸಲುವಾಗಿ.

ಅವಳು ಓಡುವುದು 800 ಮೀಟರು. ದೊಡ್ಡ ಮೈದಾನದಲ್ಲಿ ಅದು ಎರಡು ಸುತ್ತು, ನಮ್ಮ ಹೈಸ್ಕೂಲು ಬಯಲಿನಲ್ಲಿ ನಾಲ್ಕು. ಎಂಟನೆಯ ತರಗತಿಯಲ್ಲಿದ್ದಾಗ ಹೋಬಳಿ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿದಳು. ಸುಣ್ಣದ ಪುಡಿಯಲ್ಲಿ ಎಳೆದ ಗೆರೆ ಮೊದಲ ಸುತ್ತಿಗೇ ಅಳಿಸಿಹೋಗಿ, ಉಳಿದ ಸುತ್ತುಗಳನ್ನು ಮಕ್ಕಳು ಅಂದಾಜಿನ ಮೇಲೆ ಓಡಿದರು. ಗೆದ್ದಳು. ಆಗಿನಿಂದ ಆರಂಭವಾಯಿತು ಈ ಮೆಟ್ಟಿಲು ಹತ್ತುವ ಕೆಲಸ. ಹೋಬಳಿ, ತಾಲ್ಲೂಕು, ಹಾಸನದಲ್ಲಿ ಜಿಲ್ಲೆ, ಆಮೇಲೆ ಮೈಸೂರು ವಿಭಾಗ, ಆಮೇಲೆ ರಾಜ್ಯ, ಅದರಾಚೆಗೆ ರಾಷ್ಟ್ರ. ಅರಸೀಕೆರೆಯ ಬಳಿ ಮಾಲೇಕಲ್ ತಿರುಪತಿ ಬೆಟ್ಟಕ್ಕೆ ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳಿವೆ. ಆದರೆ ಹತ್ತಿದವರಿಗೆಲ್ಲ ಅಲ್ಲಿ ದರ್ಶನ ಉಂಟು. ಇಲ್ಲಿ ಮೆಟ್ಟಿಲು ಐದಾರೇ. ಒಂದೊಂದರಲ್ಲೂ ಒಬ್ಬಿಬ್ಬರನ್ನು ಮೇಲಕ್ಕೆ ಬಿಟ್ಟು ಮಿಕ್ಕವರನ್ನು ಅಲ್ಲೇ ನಿಲ್ಲಿಸುತ್ತಾರೆ. ಮರುವರ್ಷ ಮತ್ತೆ ಹೋಬಳಿಯಿಂದಲೇ ಮೊದಲು. ನಮ್ಮ ಹುಡುಗಿ ಒಮ್ಮೆ ರಾಜ್ಯಮಟ್ಟದವರೆಗೆ ಹೋಗಿ ನಾಲ್ಕನೆಯವಳಾದಳು. ನಾಲ್ಕನೆಯವರಿಗೆ ಪದಕವಿಲ್ಲ.

ಬೇಲೂರು ದೇವಸ್ಥಾನದಲ್ಲಿ ಸಳನು ಹುಲಿಯನ್ನು ಇರಿಯುವ ಶಿಲ್ಪವನ್ನು ಎಲ್ಲರೂ ನೋಡಿದ್ದೀರಿ. ಕಥೆಯ ಪ್ರಕಾರ ಅಂಗಡಿ ಎಂಬ ಊರಿನಲ್ಲಿ ಗುರು ಸುದತ್ತಮುನಿ ‘ಹೊಯ್, ಸಳ’ ಎಂದರು, ಶಿಷ್ಯ ಹೊಯ್ದ, ಹೊಯ್ಸಳ ವಂಶವಾಯಿತು. ಚರಿತ್ರೆಕಾರರು ಇದನ್ನು ನಂಬುವುದಿಲ್ಲ. ನನಗೆ ಮಾತ್ರ ಇದು ನಮ್ಮ ಸೀಮೆಯ ಮೊಟ್ಟಮೊದಲ ಕ್ರೀಡಾ ಆಯ್ಕೆಯೆಂದು ತೋರುತ್ತದೆ. ಎಂಥ ಸುಲಭದ ಆಯ್ಕೆ! ತಾಲ್ಲೂಕು ಮಟ್ಟದ ಹುಲಿಯಿಲ್ಲ, ವಿಭಾಗ ಮಟ್ಟದ ಹುಲಿಯಿಲ್ಲ; ವಯಸ್ಸಿನ ದೃಢೀಕರಣ ಪತ್ರ ಕೇಳಿದವರಿಲ್ಲ. ಒಂದು ಹುಲಿ, ಒಂದು ಏಟು, ಒಂದು ರಾಜ್ಯ.

ಈಗ ಹುಲಿಯನ್ನು ಕೊಂದರೆ ಸಾಲದು, ಕೊಂದದ್ದಕ್ಕೆ ಸರ್ಟಿಫಿಕೇಟು ಬೇಕು. ವೃತ್ತಿಶಿಕ್ಷಣದ ಸೀಟುಗಳಲ್ಲಿ ಕ್ರೀಡೆಯವರಿಗೆಂದು ಕೆಲವನ್ನು ಮೀಸಲಿಟ್ಟಿದ್ದಾರೆ, ನಿಜ. ಆದರೆ ಸೀಟು ಹಂಚುವವರು ಯಾರ ಓಟವನ್ನೂ ನೋಡುವುದಿಲ್ಲ, ಕಾಗದವನ್ನು ನೋಡುತ್ತಾರೆ. ಮೇಲಿನ ಮೆಟ್ಟಿಲಿನ ಕಾಗದಕ್ಕೆ ಮೊದಲ ಮಣೆ. ಒಂದು ಕೂಟದವರು ನಮ್ಮ ಹುಡುಗಿಯ ಹೆಸರಿನ ಹಿಂದೆ ‘ಜೆ’ ಎಂದು ಇರಬೇಕಾದಲ್ಲಿ ‘ಜಿ’ ಎಂದು ಬರೆದುಕೊಟ್ಟರು. ಒಂದು ಗುಡಿಸಿನ ವ್ಯತ್ಯಾಸ. ಅದನ್ನು ಸರಿಪಡಿಸಲು ನನ್ನ ಭಾವಮೈದ, ಎಂದರೆ ಹುಡುಗಿಯ ತಂದೆ, ಕೊಬ್ಬರಿ ಹರಾಜಿನ ಎರಡು ದಿನಗಳನ್ನು ಕಳೆದುಕೊಂಡ. ಓಡಿದವಳು ಅವಳೇ ಎಂದು ಮೈದಾನದಲ್ಲಿದ್ದವರಿಗೆಲ್ಲ ಗೊತ್ತು; ಕಾಗದಕ್ಕೆ ಗೊತ್ತಿಲ್ಲ.

ಆ ವಾರ ನಾನು ಬೇಲೂರಿನ ಗುಡಿಯಲ್ಲಿ ಮದನಿಕೆಯರ ಮುಖ ನೋಡದೆ ಪಾದಪೀಠಗಳನ್ನೇ ನೋಡುತ್ತ ಸುತ್ತಿದೆ. 1117ರಲ್ಲಿ ಪ್ರತಿಷ್ಠೆಯಾದ ಈ ಗುಡಿಗೆ ಕೆಲಸಗಾರರು ದೂರದೂರದಿಂದ ಬಂದಿದ್ದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಾವು ಕಡೆದ ವಿಗ್ರಹದ ಕೆಳಗೆ ತಮ್ಮ ಹೆಸರನ್ನು ಕೊರೆದಿದ್ದಾರೆ. ಕೆಲವರು ತಂದೆಯ ಹೆಸರು, ಊರು, ಬಿರುದುಗಳನ್ನೂ ಸೇರಿಸಿದ್ದಾರೆ. ಹಳೇಬೀಡಿನಲ್ಲೂ ಈ ಪದ್ಧತಿ ಉಂಟು. ಇನಿಷಿಯಲ್ಲು ತಪ್ಪದಂತೆ ತಮ್ಮ ಸರ್ಟಿಫಿಕೇಟನ್ನು ತಾವೇ ಬರೆದುಕೊಂಡ ಜಾಣರು. ಅದಕ್ಕಿಂತ ಹೆಚ್ಚಿನದೆಂದರೆ, ಕೆಲಸವೂ ಸರ್ಟಿಫಿಕೇಟೂ ಒಂದೇ ಕಲ್ಲಿನಲ್ಲಿದ್ದದ್ದು.

ತಂದೆ ಮಗಳ ನಡುವೆ ವಾದ ಬಂದಾಗಲೆಲ್ಲ ಜಾವಗಲ್ಲಿನಲ್ಲಿ ಸಾಕ್ಷಿಗೆ ಒಬ್ಬರೇ ಬರುವುದು: ಜಾವಗಲ್ ಶ್ರೀನಾಥ್. ಅವರು 1969ರಲ್ಲಿ ಹುಟ್ಟಿದ್ದು ಮೈಸೂರಿನಲ್ಲಿ; ಆದರೂ ಹೆಸರಿನ ಮುಂದೆ ಊರಿದೆಯಲ್ಲ, ಅಷ್ಟು ಸಾಕು. ಟೆಸ್ಟ್ ಪಂದ್ಯಗಳಲ್ಲಿ ಅವರು ಪಡೆದ 236 ವಿಕೆಟ್ಟುಗಳಲ್ಲಿ ಪ್ರತಿಯೊಂದರಲ್ಲೂ ಊರಿಗೆ ಪಾಲುಂಟು.

“ಶ್ರೀನಾಥ್ ಇಂಜಿನಿಯರಿಂಗ್ ಓದಿದೋರು ಕಣಮ್ಮ. ಮೈಸೂರಿನ ಜೆ.ಸಿ. ಕಾಲೇಜು. ಓದು ಮೊದಲು” ಎಂದು ತಂದೆ.

“ಓದ್ತಾ ಓದ್ತಾನೇ ಬೌಲಿಂಗ್ ಮಾಡಿದ್ರಲ್ಲಪ್ಪ” ಎಂದು ಮಗಳು.

ಸಾಕ್ಷಿ ಒಬ್ಬರೇ ಆದರೂ ಎರಡು ಕಡೆಗೂ ಜಯ. ಆದ್ದರಿಂದ ವಾದ ಮುಗಿಯುವುದಿಲ್ಲ. ಅವನು ಕಠಿಣ ಮನುಷ್ಯನೇನಲ್ಲ. ಅವನ ಭಯವನ್ನು ನಾನು ಬಲ್ಲೆ. “ಕಾಲು ಅನ್ನೋದು ಬೀಳೋ ವಸ್ತು ಭಾವ. ನಾಳೆ ಮಂಡಿ ಹೋದ್ರೆ ಇವಳ ಕೈಲಿ ಏನಿರುತ್ತೆ?” ಎಂದು ಒಮ್ಮೆ ಕೇಳಿದ. ನುಸಿರೋಗ ಬಂದು ತೆಂಗು ಕೈಕೊಟ್ಟ ವರ್ಷಗಳನ್ನು ಕಂಡವನು. ಒಂದೇ ಬೆಳೆಯನ್ನು ನೆಚ್ಚಿಕೊಳ್ಳುವುದೆಂದರೆ ಅವನಿಗೆ ಏನೆಂದು ಗೊತ್ತು.

ನನ್ನ ತಕರಾರು ಅವನ ಮೇಲಲ್ಲ, ಕ್ಯಾಲೆಂಡರಿನ ಮೇಲೆ. ಓದುವವರೂ ಓಡಲಿ, ಓಡುವವರೂ ಓದಲಿ ಎಂದು ಭಾಷಣಗಳಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಹದಿನೇಳನೆಯ ವರ್ಷವನ್ನು ಯಾರು ಜೋಡಿಸಿದರೋ, ಅವರ ಮನೆಯಲ್ಲಿ ಓಡುವ ಮಕ್ಕಳು ಇದ್ದಂತಿಲ್ಲ. ಕೂಟಗಳು ನಡೆಯುವ ತಿಂಗಳಲ್ಲೇ ಮಧ್ಯವಾರ್ಷಿಕ ಪರೀಕ್ಷೆ. ಪ್ರಯೋಗಾಲಯ ತಪ್ಪಿದರೆ ಹಾಜರಿಯಿಲ್ಲ, ಅಭ್ಯಾಸ ತಪ್ಪಿದರೆ ಉಸಿರಿಲ್ಲ. ಬೆಳಗಿನ ಐದೂವರೆ ಓಟಕ್ಕೂ ಬೇಕು, ಟ್ಯೂಷನ್ನಿಗೂ ಬೇಕು. ಪಿ.ಯು.ಸಿ. ಮುಗಿದು ಬೆವರು ಆರುವುದರೊಳಗೆ ಸಿ.ಇ.ಟಿ.: ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಇಂಜಿನಿಯರಿಂಗಿಗೆ ಅರ್ಧ ಇದರ ಅಂಕ, ಅರ್ಧ ಪಿ.ಯು.ಸಿ.ಯದು. “800 ಮೀಟರಿಗಿಂತ ಇದೇ ಸುಲಭ ಮಾವ. ಮೊದಲನೇ ಸುತ್ತಲ್ಲಿ ಎಲ್ಲಾ ಖರ್ಚು ಮಾಡಬಾರದು, ಅಷ್ಟೆ” ಎಂದಳು ಹುಡುಗಿ. ಗಣಿತದಲ್ಲಿ ಕೊನೆಯ ಹತ್ತು ಪ್ರಶ್ನೆಗಳಿಗೆ ಉಸಿರು ಉಳಿಸಿಕೊಂಡವಳು ಅವಳೇ ಇರಬೇಕು.

ಬೇರೆ ದೇಶದಲ್ಲಿ ಏನು ಮಾಡುತ್ತಾರೆ? ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದ ಪರವಾಗಿ ಚಕ್ರ ಎಸೆದು 2006ರಲ್ಲಿ ಅಲ್ಲಿನ ಅಂತರಕಾಲೇಜು ಚಾಂಪಿಯನ್ ಆದರು. 2014ರಲ್ಲಿ ಗ್ಲಾಸ್ಗೋದ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಭಾರತಕ್ಕೆ ಚಿನ್ನ ತಂದರು. ಆ ದೇಶದಲ್ಲಿ ಕಾಲೇಜಿನ ತರಬೇತುದಾರನೇ ಹುಡುಗರನ್ನು ಹುಡುಕಿಕೊಂಡು ಮನೆಗೆ ಬರುವುದುಂಟಂತೆ. ಹಾಗೆಂದು ಓದಿಗೆ ಮಾಫಿಯಿಲ್ಲ. ಅಲ್ಲಿಯ ಮೊದಲ ದರ್ಜೆಯ ಕಾಲೇಜು ತಂಡಕ್ಕೆ ಸೇರಬೇಕಾದರೆ ಹೈಸ್ಕೂಲಿನಲ್ಲಿ 16 ಮುಖ್ಯ ಪಾಠಗಳನ್ನು ಮುಗಿಸಿ, ಗೊತ್ತಾದ ಸರಾಸರಿ ಅಂಕವನ್ನೂ ತೋರಿಸಬೇಕು. ಅಲ್ಲಿ ಎಲ್ಲವೂ ಚೆಂದವೆಂದು ನಾನು ಹೇಳುತ್ತಿಲ್ಲ. ಆಟ ಅಲ್ಲಿ ದೊಡ್ಡ ವ್ಯಾಪಾರವೂ ಹೌದು. ಆದರೆ ಓದು, ಆಟಗಳೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವವನು ಒಬ್ಬನಿದ್ದಾನೆ.

ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಘಟ್ಟದ ಕೆಳಗೆ ನಡೆಯುತ್ತಿದೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಆಟಗಾರ ಮಕ್ಕಳನ್ನು ದತ್ತು ತೆಗೆದುಕೊಂಡು ಅನ್ನ, ವಸತಿ, ವಿದ್ಯೆಗಳನ್ನು ಕೊಡುತ್ತ ಬಂದಿದೆ. ಮಂಗಳೂರು ವಿಶ್ವವಿದ್ಯಾನಿಲಯದ ಓಟಗಾರರ ತಂಡಕ್ಕೆ ಬಲ ಬಂದದ್ದು ಬಹುಮಟ್ಟಿಗೆ ಅಲ್ಲಿಂದಲೇ. ಅದೇ ಸೀಮೆಯ ಇನ್ನೊಂದು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ನಮ್ಮ ಹುಡುಗಿಯ ನಾಲ್ಕನೆಯ ಸ್ಥಾನವನ್ನು ನೋಡಿದ್ದರು. ಪದಕವಿಲ್ಲದ ಸ್ಥಾನವನ್ನೂ ನೋಡುವವರು ಇದ್ದಾರೆಂದು ಆಗ ತಿಳಿಯಿತು. ಮೇ ತಿಂಗಳಲ್ಲಿ ಆಯ್ಕೆಗೆ ಬರಹೇಳಿದರು. ಮೂಡಿಗೆರೆ, ಚಾರ್ಮಾಡಿ ಘಾಟಿಯ ದಾರಿಯಲ್ಲಿ ತಂದೆ, ಮಗಳು, ನಾನು ಹೋದೆವು. ಘಾಟಿಯ ತಿರುವುಗಳಲ್ಲಿ ಹುಡುಗಿಗೆ ವಾಂತಿಯಾಗಿ, ಇನ್ನು ಓಡಿದಂತೆಯೇ ಎಂದುಕೊಂಡೆ. ಆದರೂ ಸಂಜೆ ಕೆಂಪು ಟ್ರ್ಯಾಕಿನ ಮೇಲೆ ಓಡಿದಳು. ಎರಡನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಇಬ್ಬರನ್ನು ಹಿಂದೆ ಹಾಕಿದಾಗ ನನ್ನ ಭಾವಮೈದ ಎದ್ದು ನಿಂತಿದ್ದ. ಮಗಳು ಓಡುವುದನ್ನು ಅವನು ಮೊದಲ ಸಲ ನೋಡಿದ್ದು ಅಂದೇ. ಅಲ್ಲಿಯವರೆಗೆ ಅವನು ನೋಡಿದ್ದು ಸರ್ಟಿಫಿಕೇಟುಗಳನ್ನು.

ನಿರ್ದೇಶಕರು, ಸಿ.ಇ.ಟಿ.ಯಲ್ಲಿ ನಮ್ಮ ಕಾಲೇಜಿನ ಸೀಟು ದೊರೆತರೆ ಫೀಸು, ಊಟ, ವಸತಿ ನಮ್ಮದು ಎಂದರು. ಭಾವಮೈದ ನನ್ನ ಮುಖ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಕೇಳಿದಳು: “ಸರ್, ಕಾಲಿಗೆ ಪೆಟ್ಟಾದ್ರೆ ಸೀಟು ಇರುತ್ತಾ?”

ಅವರು ತುಸು ಹೊತ್ತು ಸುಮ್ಮನಿದ್ದರು. “ಸೀಟು ಇರ್ತದೆ. ಊಟ ವಸತಿಯೂ ಒಂದು ವರ್ಷ ಇರ್ತದೆ. ಮತ್ತೆ ಕೂತು ಮಾತಾಡುವ” ಎಂದರು. ಸುಳ್ಳು ಹೇಳಲಿಲ್ಲ. ಬಣ್ಣದ ಮಾತು ಹೇಳಿದ್ದರೆ ನನ್ನ ಭಾವಮೈದ ಅಂದೇ ಬಸ್ಸು ಹತ್ತಿಬಿಡುತ್ತಿದ್ದ.

ಆಮೇಲೆ ಒಂದು ತಿಂಗಳು ಮನೆಯಲ್ಲಿ ಈ ಮಾತು ಯಾರೂ ಎತ್ತಲಿಲ್ಲ. ಕಾಲೇಜುಗಳನ್ನು ಬೇಕಾದ ಕ್ರಮದಲ್ಲಿ ಬರೆದುಕೊಡಬೇಕಾದ ಕೊನೆಯ ದಿನ ನಾನು ಜಾವಗಲ್ಲಿನಲ್ಲಿದ್ದೆ. ಹುಡುಗಿ ಕಂಪ್ಯೂಟರಿನ ಅಂಗಡಿಗೆ ಹೊರಡುವ ಮೊದಲು, ಒಂದು ಹಾಳೆಯಲ್ಲಿ ತಾನೇ ಪಟ್ಟಿ ಮಾಡಿ ತಂದೆಯ ಮುಂದಿಟ್ಟಳು. ಘಟ್ಟದ ಕೆಳಗಿನದು ಮೊದಲು, ಹಾಸನದ್ದು ಎರಡನೆಯದು. ಅವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಹಾಳೆಯನ್ನು ಮಡಿಸಿ ಅವಳ ಕೈಗೆ ಕೊಡುತ್ತ, “ಅಲ್ಲಿ ಮಳೆ ಜಾಸ್ತಿ ಅಲ್ವೇನಮ್ಮ? ನಾಲ್ಕು ತಿಂಗಳು ಎಲ್ಲಿ ಓಡ್ತೀಯ?” ಎಂದು ಕೇಳಿದ.