ಸಂಜೆಯ ಊಟದ ಹೊತ್ತಿನಲ್ಲಿ ಮಕ್ಕಳ ಮಾತು

ಜತ್ತ ತಾಲೂಕಿನಲ್ಲಿ ಅಂಗಡಿ ಇಟ್ಟುಕೊಂಡಿರುವ ನಾವು ಮನೆಯಲ್ಲಿ ಕನ್ನಡ, ಗಲ್ಲಾದ ಮೇಲೆ ಮರಾಠಿ ಮಾತಾಡುವವರು. ದೊಡ್ಡವರಿಗೆ ಇದು ತೊಡಕೇ ಅಲ್ಲ. ಗಿರಾಕಿ ಯಾವ ಭಾಷೆಯಲ್ಲಿ ದರ ಕೇಳಿದರೂ ಅದೇ ಭಾಷೆಯಲ್ಲಿ ಉತ್ತರ ಬರುತ್ತದೆ. ಆರು ವರ್ಷದ ಮಗುವಿಗೆ ಹಾಗಲ್ಲ. ಈ ಭಾಗದಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಆದರೂ ಮುಂದಿನ ಓದು, ವ್ಯವಹಾರ ಎಂದು ನಮ್ಮಲ್ಲಿ ಹಲವರು ಮಕ್ಕಳನ್ನು ಮರಾಠಿ ಇಲ್ಲವೆ ಇಂಗ್ಲಿಷ್ ಶಾಲೆಗೆ ಹಾಕುತ್ತೇವೆ. ಅದು ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಅಲ್ಲಿ ಆ ಮಗುವಿನ ಮೊದಲ ವರ್ಷ ಹೇಗೆ ಕಳೆಯುತ್ತದೆ ಎಂಬುದಷ್ಟೇ ನಮ್ಮ ವಿಚಾರ.

ನಮ್ಮ ಮೊಮ್ಮಗಳು ಒಂದನೆಯ ಇಯತ್ತೆಗೆ ಹೋದ ವರ್ಷ ದಿನಾ ಬೆಳಿಗ್ಗೆ ಹೊಟ್ಟೆನೋವು ಎನ್ನತೊಡಗಿದಳು. ರವಿವಾರ ಮಾತ್ರ ನೋವಿಲ್ಲ! ಡಾಕ್ಟರರು ಪರೀಕ್ಷಿಸಿ, ದೇಹದಲ್ಲಿ ದೋಷವೇನೂ ಇಲ್ಲ, ಸಣ್ಣ ಮಕ್ಕಳ ಅಂಜಿಕೆ ಹೊಟ್ಟೆನೋವಾಗಿ ಕಾಣಿಸಿಕೊಳ್ಳುವುದುಂಟು ಎಂದರು. "ಏನಾಗೈತಿ ಹೇಳವ್ವಾ" ಎಂದು ಎದುರಿಗೆ ಕೂಡಿಸಿಕೊಂಡು ಕೇಳಿದರೆ ಹುಡುಗಿ ಬಾಯಿ ಬಿಡಲಿಲ್ಲ. ಒಂದು ಸಂಜೆ ಅಜ್ಜಿ ಜೋಳ ಹಸನು ಮಾಡುತ್ತಿದ್ದಾಗ ಪಕ್ಕದಲ್ಲಿ ಕೂತು ತಾನಾಗಿಯೇ ಹೇಳಿದಳು. ಮೂತ್ರಕ್ಕೆ ಹೋಗಲು ಮರಾಠಿಯಲ್ಲಿ ಹೇಗೆ ಕೇಳಬೇಕೆಂದು ತಿಳಿಯದೆ ಕನ್ನಡದಲ್ಲಿ ಕೇಳಿದ್ದಳಂತೆ. ಮಕ್ಕಳೆಲ್ಲ ನಕ್ಕಿದ್ದರು, ಜೊತೆಗೆ ಟೀಚರರೂ ನಕ್ಕಿದ್ದರು. ಅಂದಿನಿಂದ ಹುಡುಗಿ ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

ಸೊಸೆ ಜಗಳಕ್ಕೆ ಹೋಗಲಿಲ್ಲ. ಶಾಲೆ ಬಿಟ್ಟ ಮೇಲೆ ಹೋಗಿ ಸಮಾಧಾನದಿಂದ ಮಾತಾಡಿದಳು. ಹುಡುಗಿ ಕಿರುಬೆರಳು ಎತ್ತಿದರೆ ಸಾಕು, ಹೊರಗೆ ಬಿಡಬೇಕು ಎಂದಾಯಿತು. ಎರಡೂ ಭಾಷೆ ಬಲ್ಲ ಗೆಳತಿಯೊಬ್ಬಳನ್ನು ಪಕ್ಕದಲ್ಲಿ ಕೂಡಿಸಿದರು. ಮನೆಯಲ್ಲಿ ಹತ್ತು ಹನ್ನೆರಡು ಮರಾಠಿ ಮಾತುಗಳನ್ನು ಅಂಗಡಿ ಆಟ ಆಡಿಸುತ್ತ ರೂಢಿ ಮಾಡಿಸಿದೆವು. ದೀಪಾವಳಿ ಸೂಟಿಯ ಹೊತ್ತಿಗೆ ಹೊಟ್ಟೆನೋವು ನಿಂತಿತು.

ಎಲ್ಲ ಕಡೆ ಇಷ್ಟು ಸುಲಭವಾಗಿ ಆಗಲಿಕ್ಕಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ. ಸಮಾಧಾನದ ಮಾತು ನಡೆಯದಿದ್ದರೆ ಇದನ್ನು ನೆನಪು ಮಾಡಿಕೊಡಲು ಸಂಕೋಚ ಬೇಡ.

ಡಬ್ಬಿಯ ವಿಷಯವೂ ಇದೆ. ಗೆಳೆಯರು ಬಟಾಟೆ ಪಲ್ಯ ಮುಂದೆ ಮಾಡಿ "ಯಾಕ ತಿನ್ನೂದಿಲ್ಲ?" ಎಂದಾಗ ಸಣ್ಣ ಮಗು ಸಿದ್ಧಾಂತ ಹೇಳಲಾರದು. "ನಮ್ಮನ್ಯಾಗ ತಿನ್ನೂದಿಲ್ಲ, ನೀ ತಿನ್ನು" ಎನ್ನಲು ಕಲಿಸಿದರೆ ಸಾಕು. ಇಬ್ಬರ ಡಬ್ಬಿಗೂ ಅವಮಾನವಿಲ್ಲ. ಹಂಚಿ ತಿನ್ನಲೆಂದು ಎರಡು ಚಕ್ಕಲಿ ಹೆಚ್ಚಿಗೆ ಇಟ್ಟರೆ ಇನ್ನೂ ಒಳ್ಳೆಯದು.

ಸೂರ್ಯಾಸ್ತದ ಮೊದಲು ಊಟ ಮಾಡುವ ಮನೆಗಳಿಗೆ ಒಂದು ಅನುಕೂಲವಿದೆ. ಬೇರೆ ವ್ಯಾಪಾರಸ್ಥರು ಮನೆ ಸೇರುವಾಗ ಮಕ್ಕಳು ಮಲಗಿರುತ್ತಾರೆ. ನಮ್ಮಲ್ಲಿ ಶಾಲೆಯಿಂದ ಬಂದ ಮಗುವೂ ಅಂಗಡಿಯಿಂದ ಬಂದ ಅಪ್ಪನೂ ಒಂದೇ ಪಂಕ್ತಿಯಲ್ಲಿ ಕೂಡುತ್ತಾರೆ. ಆದರೆ ಅಪ್ಪನ ಎಡಗೈಯಲ್ಲಿ ಮೊಬೈಲು, ಕಣ್ಣು ಗಡಿಯಾರದ ಮೇಲೆ. ಕೇಳುವುದೂ ಒಂದೇ: "ಎಷ್ಟು ಮಾರ್ಕು ಬಂದುವು?" ಅದರ ಬದಲು "ಇವತ್ತ ಯಾರ ಬಾಜೂಕ ಕೂತಿದ್ದಿ?" ಎಂದು ಕೇಳಿ ನೋಡಬೇಕು. ನಮ್ಮ ಬಳಗದ ಒಂದು ಮನೆಯಲ್ಲಿ ಮೂರನೆಯ ಇಯತ್ತೆಯ ಹುಡುಗ ಈ ಪ್ರಶ್ನೆಗೆ "ನನ್ನ ಬಾಜೂಕ ಯಾರೂ ಕೂಡ್ರಾಂಗಿಲ್ಲ" ಎಂದ. ಆ ಸಂಜೆ ಅವನ ಅಪ್ಪ ಅಂಗಡಿಯ ಕೀಲಿಕೈ ತಮ್ಮನ ಕೈಗೆ ಕೊಟ್ಟು ಮನೆಯಲ್ಲೇ ಉಳಿದರು.